ಕುಡ್ಲೆಯ ಹತ್ತು ಕೋಣೆಗೆ ₹1.6 ಕೋಟಿ ಕೊಡಬಹುದೇ?

ಓದುಗರ ಪತ್ರ: ಗೋಕರ್ಣದ ಕುಡ್ಲೆ ಬೀಚಿನ ಹತ್ತಿರ ಹತ್ತು ಕೋಣೆಗಳ ಲಾಡ್ಜ್ ಮಾರಾಟಕ್ಕಿದೆ. ₹1.6 ಕೋಟಿ ಹೇಳುತ್ತಿದ್ದಾರೆ. ದಿನಕ್ಕೆ ₹1,500ರಂತೆ, ವರ್ಷವಿಡೀ ಶೇ. 70 ಭರ್ತಿಯಾಗಿ ₹38 ಲಕ್ಷ ಬರುತ್ತದಂತೆ. ನನ್ನ ನಿವೃತ್ತಿಯ ಹಣ ₹80 ಲಕ್ಷ, ಉಳಿದ ಅರ್ಧ ಬ್ಯಾಂಕ್ ಸಾಲ. ಕೊಳ್ಳಬಹುದೇ?
– ಓದುಗರೊಬ್ಬರು, ಹುಬ್ಬಳ್ಳಿ

ಸಂಪಾದಕರ ಉತ್ತರ: ಈ ಬೆಲೆಗೆ ಬೇಡ. ಸಾಲ ಮಾಡಿಯಂತೂ ಖಂಡಿತ ಬೇಡ.

ಶೇ. 70 ಎಂಬ ಸರಾಸರಿಯಲ್ಲೇ ತಪ್ಪಿದೆ. ಕರಾವಳಿಯ ಲಾಡ್ಜಿಗೆ ವರ್ಷವೆಂದರೆ ಹನ್ನೆರಡು ತಿಂಗಳಲ್ಲ. ಅಕ್ಟೋಬರಿನಿಂದ ಮಾರ್ಚ್‌ವರೆಗಿನ ಶುಕ್ರವಾರ, ಶನಿವಾರ ಮತ್ತು ರಜಾದಿನಗಳು ಸೇರಿ ಸುಮಾರು 60 ರಾತ್ರಿ. ಆಗ ಶೇ. 90 ಭರ್ತಿ, ₹1,800 ದರ ಹಿಡಿಯೋಣ. ಅದೇ ಆರು ತಿಂಗಳ ಉಳಿದ 122 ರಾತ್ರಿಗಳಿಗೆ ಶೇ. 45, ₹1,200. ಏಪ್ರಿಲ್-ಮೇ ಶೇ. 40, ಅದೇ ದರ. ಮಳೆಗಾಲದ ನಾಲ್ಕು ತಿಂಗಳಿಗೆ ಶೇ. 15, ₹800. ಎಲ್ಲ ಕೂಡಿದರೆ ವರ್ಷಕ್ಕೆ ಸುಮಾರು 1,516 ಕೋಣೆಗಳು ಹೋಗುತ್ತವೆ, ಅಂದರೆ ಶೇ. 42ರಷ್ಟೂ ಇಲ್ಲ. ಆದಾಯ ₹20.70 ಲಕ್ಷ. ಇದು ನಮ್ಮ ಅಂದಾಜು. ಮಾರುವವರಿಂದ ಮೂರು ವರ್ಷದ ಜಿಎಸ್‌ಟಿ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್, ತಿಂಗಳವಾರು ಕರೆಂಟ್ ಬಿಲ್ ಕೇಳಿ ತಾಳೆ ನೋಡಿ. ಬಾಯಿಮಾತಿನ ಭರ್ತಿ ಕರೆಂಟ್ ಬಿಲ್ಲಿನಲ್ಲಿ ಕಾಣಿಸುವುದಿಲ್ಲ.

ಖರ್ಚು: ಆನ್‌ಲೈನ್ ಬುಕಿಂಗ್ ಕಮಿಷನ್, ಅದರ ಮೇಲಿನ ತೆರಿಗೆ ಸೇರಿ ₹2.5 ಲಕ್ಷ. ಒಬ್ಬ ಮ್ಯಾನೇಜರ್, ಇಬ್ಬರು ರೂಮ್‌ಬಾಯ್ ಸಂಬಳ ₹5.8 ಲಕ್ಷ. ಕರೆಂಟ್, ನೀರು, ಇಂಟರ್ನೆಟ್ ₹1.9 ಲಕ್ಷ. ಬಟ್ಟೆ ಒಗೆತ ₹1.5 ಲಕ್ಷ. ದುರಸ್ತಿ, ಬಣ್ಣ ₹2 ಲಕ್ಷ. ಲೈಸೆನ್ಸ್, ವಿಮೆ, ಲೆಕ್ಕಪತ್ರ ₹80 ಸಾವಿರ. ವಹಿವಾಟು ₹20 ಲಕ್ಷ ದಾಟುವುದರಿಂದ ಜಿಎಸ್‌ಟಿ ನೋಂದಣಿ ಬೇಕು. 2025ರ ಸೆಪ್ಟೆಂಬರ್ 22ರಿಂದ ₹7,500ರವರೆಗಿನ ಕೋಣೆಗೆ ಶೇ. 5, ಆದರೆ ಖರೀದಿಯ ಮೇಲೆ ಕಟ್ಟಿದ ತೆರಿಗೆ ಮರಳಿ ಸಿಗದು. ದರ ತೆರಿಗೆ ಸೇರಿದ್ದಾದರೆ ಅಲ್ಲಿ ಇನ್ನೊಂದು ಲಕ್ಷ ಹೋಯಿತು. ಕೈಯಲ್ಲಿ ಉಳಿಯುವುದು ₹5.2 ಲಕ್ಷದ ಆಸುಪಾಸು.

₹80 ಲಕ್ಷ ಸಾಲಕ್ಕೆ ಶೇ. 10 ಬಡ್ಡಿ, 10 ವರ್ಷದ ಅವಧಿ ಎಂದುಕೊಂಡರೆ ತಿಂಗಳ ಕಂತೇ ₹1.06 ಲಕ್ಷ, ವರ್ಷಕ್ಕೆ ₹12.7 ಲಕ್ಷ. ಮಳೆಗಾಲದ ಇಡೀ ನಾಲ್ಕು ತಿಂಗಳ ಬಾಡಿಗೆ ₹1.46 ಲಕ್ಷ, ಅದರಲ್ಲಿ ಎರಡು ಕಂತೂ ತುಂಬುವುದಿಲ್ಲ. ಶೇ. 9 ಪ್ರತಿಫಲ ಬೇಕೆಂದರೆ ಈ ವ್ಯಾಪಾರದ ಬೆಲೆ ₹58 ಲಕ್ಷ.

ಉಳಿದ ಒಂದು ಕೋಟಿ ಜಾಗದ ಬೆಲೆ ಎನ್ನುತ್ತಾರೆ. ಹಾಗಾದರೆ ನೋಡಬೇಕಾದದ್ದು ಸಮುದ್ರದ ನೋಟವನ್ನಲ್ಲ, ಉಬ್ಬರದ ಗೆರೆಯನ್ನು. ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್‌ನ 2011ರ ಅಧಿಸೂಚನೆಯಂತೆ ಗ್ರಾಮೀಣ ತೀರದಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ನಿರ್ಮಾಣ ನಿಷಿದ್ಧ. 2019ರ ಅಧಿಸೂಚನೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನಸಾಂದ್ರತೆಯ ಗ್ರಾಮೀಣ ಪ್ರದೇಶಕ್ಕೆ ಇದನ್ನು 50 ಮೀಟರಿಗೆ ಇಳಿಸಿತು, ಉಳಿದೆಡೆ 200 ಹಾಗೆಯೇ ಇದೆ. ಈ ನಿಷಿದ್ಧ ಅಂತರದೊಳಗೆ ಅಧಿಕೃತ ಕಟ್ಟಡವಿದ್ದರೆ ಇದ್ದಷ್ಟೇ ಅಳತೆಯಲ್ಲಿ ದುರಸ್ತಿ, ಮರುನಿರ್ಮಾಣ ಮಾಡಬಹುದು. ಅನಧಿಕೃತವಾದರೆ ಅದೂ ಇಲ್ಲ, ಯಾವಾಗ ಬೇಕಾದರೂ ತೆರವಿನ ನೋಟಿಸ್ ಬರಬಹುದು. ಕಾರವಾರದಲ್ಲಿ ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿಗೆ ಸರ್ವೆ ನಂಬರ್ ಕೊಟ್ಟು, ಅದು ಯಾವ ವಲಯದಲ್ಲಿದೆ ಎಂದು ಬರಹದಲ್ಲೇ ಪಡೆಯಿರಿ.

ಜೊತೆಗೆ ಪಹಣಿ, ಭೂಪರಿವರ್ತನೆ ಆದೇಶ, ಕಟ್ಟಡ ಪರವಾನಗಿ, ಋಣಭಾರ ಪತ್ರ ನೋಡಿ. ಪರಿವರ್ತನೆ ವಾಸಕ್ಕಾಗಿ ಆಗಿ ಲಾಡ್ಜ್ ನಡೆಯುತ್ತಿದ್ದರೆ ಅದೂ ತಕರಾರೇ. ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 11ಬಿ ತೋರಿಸಿದರೆ ಹಿಗ್ಗಬೇಡಿ. ತೆರಿಗೆ ಪಟ್ಟಿಯಲ್ಲಿ ಹೆಸರಿದೆ ಎಂದಷ್ಟೇ ಅದರ ಅರ್ಥ, ಕಟ್ಟಡ ಸಕ್ರಮವೆಂದಲ್ಲ.

ಕಟ್ಟಡವನ್ನು ಹೊಸ ಬಣ್ಣ ನೋಡಿ ಅಳೆಯಬೇಡಿ. ಉಪ್ಪುಗಾಳಿಗೆ ಸ್ಲ್ಯಾಬಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟನ್ನು ಒಳಗಿಂದಲೇ ಒಡೆಯುತ್ತದೆ. ಸ್ನಾನದ ಮನೆಯ ಮೇಲ್ಛಾವಣಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ: ಟೊಳ್ಳು ಸದ್ದು, ಕಂದು ಗೆರೆ ಎರಡೂ ಇದ್ದರೆ ಎಂಜಿನಿಯರನ್ನು ಕರೆತನ್ನಿ. ಬಾವಿಯ ನೀರನ್ನು ಮೇ ತಿಂಗಳಲ್ಲೇ ಪರೀಕ್ಷಿಸಿ, ಉಪ್ಪು ನುಗ್ಗುವುದು ಆಗ. ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 2,000 ದಾಟಿದರೆ ಕುಡಿಯಲು ಬಾರದು. ವರ್ಷಕ್ಕೆ ಎರಡು ತಿಂಗಳು ಟ್ಯಾಂಕರ್ ನೀರಿನ ಖರ್ಚು ಸೇರಿಸಿಕೊಳ್ಳಿ. ಜಂಬಿಟ್ಟಿಗೆ ಕಲ್ಲಿನ ನೆಲದಲ್ಲಿ ನೀರು ಬೇಗ ಇಂಗುತ್ತದೆ, ಆದ್ದರಿಂದ ಶೌಚದ ಇಂಗುಗುಂಡಿ ಬಾವಿಗೆ ಎಷ್ಟು ದೂರ ಎಂದು ಟೇಪ್ ಹಿಡಿದು ಅಳೆಯಿರಿ. ಹದಿನೈದು ಮೀಟರಿಗಿಂತ ಹತ್ತಿರವಿದ್ದರೆ ಆ ಬಾವಿಯನ್ನು ನಂಬಬೇಡಿ.

ಲಾಡ್ಜ್ ನಡೆಸುವ ಆಸೆ ನಿಮಗೆ ನಿಜವಾಗಿಯೂ ಇದ್ದರೆ, ಕಾಗದಪತ್ರ ಸರಿ ಇರುವ ಲಾಡ್ಜೊಂದನ್ನು ಮೂರು ವರ್ಷದ ಲೀಸಿಗೆ ಕೇಳಿ. ಮೇಲಿನ ಲೆಕ್ಕದಲ್ಲಿ ವರ್ಷಕ್ಕೆ ₹3 ಲಕ್ಷಕ್ಕಿಂತ ಹೆಚ್ಚು ಬಾಡಿಗೆ ಕೊಟ್ಟರೆ ನಿಮ್ಮ ದುಡಿಮೆಗೆ ಹೆಚ್ಚೇನೂ ಉಳಿಯದು. ಒಂದು ವರ್ಷ ಮೀರಿದ ಲೀಸ್ ಕರಾರು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿಯಾಗಲೇಬೇಕು. ಸ್ಲ್ಯಾಬ್ ದುರಸ್ತಿ ಯಾರದು, ತೆರವಿನ ನೋಟಿಸ್ ಬಂದರೆ ಠೇವಣಿ ಎಷ್ಟು ದಿನದಲ್ಲಿ ವಾಪಸ್ಸು, ಈ ಎರಡು ಷರತ್ತು ಅದರಲ್ಲಿರಲಿ.