ಸಂಪಾದಕರ ಉತ್ತರ: ಮೊದಲು ಅವರ ಮನೆಗೇ ಹೋಗಿ

ತೀರ್ಥಹಳ್ಳಿ ಕಡೆಯ ಸಹೋದರಿಯೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಅವರ ಕ್ರೈಸ್ತ ಸಭೆಯಲ್ಲಿ ಭಾನುವಾರ ಬೈಬಲಿನ ವೇದಪಾಠ ಓದುವ ಹಿರಿಯರೊಬ್ಬರು, ತಮ್ಮ ಮನೆಯಲ್ಲಿ ಅಡಿಕೆ ಸುಲಿದ ಹೆಂಗಸರಿಗೆ ಸುಗ್ಗಿ ಮುಗಿದು ತಿಂಗಳುಗಳಾದರೂ ಕೂಲಿ ಕೊಟ್ಟಿಲ್ಲವಂತೆ. ಸಹೋದರಿ ಇದನ್ನು ಮಹಿಳಾ ಕೂಟದಲ್ಲಿ ಪ್ರಾರ್ಥನಾ ವಿಷಯವಾಗಿ ಮುಂದಿಟ್ಟಾಗ, ‘ತೀರ್ಪು ಮಾಡಬೇಡಿರಿ ಎಂದು ಕರ್ತನೇ ಹೇಳಿದ್ದಾನಲ್ಲ’ ಎಂದು ಉಳಿದವರು ಬಾಯಿ ಮುಚ್ಚಿಸಿದರು. ‘ನಾನು ಸುಮ್ಮನಿರಬೇಕೇ?’ ಎಂದು ಅವರು ಕೇಳುತ್ತಾರೆ.

ಸಹೋದರಿ, ಸುಮ್ಮನಿರಬೇಡಿ. ನಿಮ್ಮನ್ನು ತಡೆದವರ ಮಾತಿನಲ್ಲೂ ಹುರುಳಿದೆ, ಒಪ್ಪುತ್ತೇನೆ. ಯಾರ ಮಗಳು ಏನು ತೊಟ್ಟಳು, ಯಾರ ಮಗ ಆರಾಧನೆಗೆ ಬರಲಿಲ್ಲ ಎಂದು ಲೆಕ್ಕವಿಡುವುದನ್ನೇ ಭಕ್ತಿಯೆಂದು ತಿಳಿದವರು ಎಲ್ಲ ಸಭೆಗಳಲ್ಲೂ ಇದ್ದಾರೆ, ಅವರಿಂದ ನೊಂದು ದೂರವಾದವರೂ ಇದ್ದಾರೆ. ಆದರೆ ಮತ್ತಾಯನ ಸುವಾರ್ತೆಯ 7ನೆಯ ಅಧ್ಯಾಯವನ್ನು ಮೊದಲ ವಚನಕ್ಕೇ ಮುಚ್ಚಿಡುವವರು 5ನೆಯ ವಚನದವರೆಗೂ ಓದಬೇಕು. ನಿನ್ನ ಕಣ್ಣಿನ ತೊಲೆಯನ್ನು ಮೊದಲು ತೆಗೆ, ಆಗ ಸಹೋದರನ ಕಣ್ಣಿನ ರವೆಯನ್ನು, ಅಂದರೆ ಸಣ್ಣ ಕಸವನ್ನು, ತೆಗೆಯಲು ನಿನಗೆ ಚೆನ್ನಾಗಿ ಕಾಣುತ್ತದೆ ಎಂದು ಕರ್ತನು ಅಲ್ಲಿ ಹೇಳುತ್ತಾನೆ. ರವೆ ಅಲ್ಲಿಯೇ ಇರಲಿ ಎಂದು ಆತನು ಎಲ್ಲಿಯೂ ಹೇಳಲಿಲ್ಲ.

ನಿಮ್ಮ ಪತ್ರ ಓದುವಾಗ ನನಗೆ ನೆನಪಾದದ್ದು ಯಾಜಕಕಾಂಡದ 19ನೆಯ ಅಧ್ಯಾಯ. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬಾರದು ಎಂಬುದು ಅದರ 13ನೆಯ ವಚನದಲ್ಲಿದೆ. ಚಾಡಿ ಹೇಳುತ್ತಾ ತಿರುಗಬಾರದು ಎಂಬುದು 16ನೆಯದು. ಸಹೋದರನನ್ನು ಮನಸ್ಸಿನೊಳಗೆ ದ್ವೇಷಿಸದೆ, ಅವನ ತಪ್ಪನ್ನು ಅವನಿಗೇ ಹೇಳಬೇಕು, ಇಲ್ಲವಾದರೆ ಅವನ ಪಾಪದಲ್ಲಿ ನಿನಗೂ ಪಾಲು ಬರುತ್ತದೆ ಎಂಬುದು 17ನೆಯದು. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ, ನಮ್ಮ ಮಕ್ಕಳಿಗೂ ಬಾಯಿಪಾಠವಾಗಿರುವ ಆಜ್ಞೆ ಇವೆಲ್ಲದರ ಬೆನ್ನಿಗೇ, 18ನೆಯ ವಚನದಲ್ಲಿ ಬರುತ್ತದೆ. ಆ ಪ್ರೀತಿಯನ್ನು ಗೋಡೆಯ ಮೇಲೆ ಬರೆಸಿಕೊಂಡ ನಾವು ಅದಕ್ಕೆ ಮೊದಲಿನ ಮೂರು ಮಾತುಗಳನ್ನು ಬಿಟ್ಟುಬಿಟ್ಟಿದ್ದೇವೆ.

ಇನ್ನು ನಿಮಗೂ ಒಂದು ಮಾತು ಹೇಳಬೇಕು, ಬೇಸರಿಸಬೇಡಿ. ಆ ಹಿರಿಯರಿಗೆ ಹೇಳುವ ಮೊದಲು ನೀವು ಕೂಟಕ್ಕೆ ಹೇಳಿದಿರಿ. ಕಣ್ಣು ಮುಚ್ಚಿ, ಕೈ ಜೋಡಿಸಿ ಹೇಳಿದ ಮಾತ್ರಕ್ಕೆ ಅದು ಚಾಡಿಗಿಂತ ಬೇರೆಯಾಗುವುದಿಲ್ಲ. ಅಪರಾಧ ಮಾಡಿದ ಸಹೋದರನ ಬಳಿಗೆ ಹೋಗಿ, ನೀವಿಬ್ಬರೇ ಇರುವಾಗ ಹೇಳು ಎಂಬುದು ಮತ್ತಾಯ 18ನೆಯ ಅಧ್ಯಾಯದ ಮೊದಲ ಹೆಜ್ಜೆ. ಒಬ್ಬಿಬ್ಬರನ್ನು ಕರೆದುಕೊಂಡು ಹೋಗುವುದು ಎರಡನೆಯದು, ಸಭೆಗೆ ತಿಳಿಸುವುದು ಆಮೇಲಿನದು. ಶಿವಮೊಗ್ಗದ ಕಡೆ ಸುವಾರ್ತೆ ಸಾರಿದ ವೆಸ್ಲಿಯನ್ ಮಿಷನ್ನಿನ ಮೂಲಪುರುಷ ಜಾನ್ ವೆಸ್ಲಿ ಈ ಕ್ರಮವನ್ನು ತಪ್ಪಿಸಬಾರದೆಂದು ಬಹಳ ಒತ್ತಿ ಬೋಧಿಸಿದವರು. 1752ರಲ್ಲಿ ಅವರೂ ಅವರ ಜೊತೆಗಾರರೂ ಒಂದು ಒಪ್ಪಂದಕ್ಕೆ ಸಹಿ ಹಾಕಿದರು: ಒಬ್ಬರ ಬಗ್ಗೆ ಒಬ್ಬರು ಕೆಡುಕನ್ನು ಕೇಳಲು ಹೋಗುವುದಿಲ್ಲ, ಕೇಳಿದರೂ ಬೇಗ ನಂಬುವುದಿಲ್ಲ, ಕೇಳಿದ್ದನ್ನು ಆದಷ್ಟು ಬೇಗ ಸಂಬಂಧಪಟ್ಟವರಿಗೇ ತಿಳಿಸುತ್ತೇವೆ, ಅಲ್ಲಿಯವರೆಗೆ ಇನ್ನಾರ ಮುಂದೆಯೂ ಒಂದಕ್ಷರ ಆಡುವುದಿಲ್ಲ ಎಂದು. ನಮ್ಮ ಪ್ರತಿ ಸಭೆಯ ಕಮಿಟಿಯೂ ವರ್ಷಕ್ಕೊಮ್ಮೆ ಇದಕ್ಕೆ ಸಹಿ ಹಾಕಬೇಕೆಂಬುದು ನನ್ನ ಬಹುಕಾಲದ ಆಸೆ.

ಸಾಗರದ ಕಡೆಯ ಒಬ್ಬ ಹಿರಿಯರು ಈ ಕೆಲಸವನ್ನು ಬಲ್ಲವರಾಗಿದ್ದರು. ತಮ್ಮನ ವಿಧವೆಗೆ ತೋಟದ ಪಾಲು ಕೊಡದೆ ಸತಾಯಿಸುತ್ತಿದ್ದ ಒಬ್ಬರ ಮನೆಗೆ ಅವರು ಮಳೆಗಾಲದ ಒಂದು ಸಂಜೆ ಹೋದರು. ಕಂಬಳಿಕೊಪ್ಪೆ ಮೂಲೆಗಿಟ್ಟು ಜಗಲಿಯ ಮೇಲೆ ಕುಳಿತರು. ಅಡಿಕೆಯ ಕೊಳೆರೋಗ, ಅದಕ್ಕೆ ಬೋರ್ಡೋ ಔಷಧಿ ಹೊಡೆಯುವ ಆಳಿನ ತಾಪತ್ರಯ ಎಲ್ಲ ಮಾತಾಡಿದರು. ಮಕ್ಕಳು ಒಳಗೆ ಹೋದ ಮೇಲೆ ದನಿ ತಗ್ಗಿಸಿ, ‘ಅವಳ ಪಾಲಿನ ವಿಷಯ ಏನು ಮಾಡಿದೆ ಮಾರಾಯ?’ ಎಂದರು. ಆತ ಸಾಲದ ಕತೆ ಹೇಳಿದಾಗ ಪೂರ್ತಿ ಕೇಳಿದರು. ಕೇಳಿಯೂ, ‘ಆದರೂ ಅದು ಅವಳದ್ದು’ ಎಂದರು. ಮತ್ತೆ ಮತ್ತೆ ಹೋದರು. ಪಾಲುಪಟ್ಟಿ ಆಯಿತು. ಹಿರಿಯರು ತೀರಿಕೊಂಡ ಮೇಲೆ ಆ ಮನುಷ್ಯನೇ ಇದನ್ನು ನನಗೆ ಹೇಳಿದರು. ಅಲ್ಲಿಯವರೆಗೆ ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಂಥ ಮನೆಭೇಟಿಗಳು ಈಗ ಅಪರೂಪವಾಗಿವೆ. ವಾಟ್ಸಾಪ್ ಗುಂಪಿಗೆ ಹೆಸರಿಲ್ಲದ ಒಂದು ವಚನ ಕಳುಹಿಸಿ, ಯಾರಿಗೆ ತಾಗಬೇಕೋ ಅವರಿಗೆ ತಾಗಲಿ ಎಂದು ಕಾಯುತ್ತೇವೆ. ಪ್ರಸಂಗ ಪೀಠದಿಂದ ಹುಡುಗರ ಕೂದಲಿನ ಬಗ್ಗೆ ಗುಡುಗುವವರು ದೊಡ್ಡ ಕಾಣಿಕೆ ಕೊಡುವವರ ತೋಟದಲ್ಲಿ ಏನು ನಡೆಯುತ್ತದೆಂದು ಕೇಳುವುದಿಲ್ಲ. ಹಿಡಿದಿಟ್ಟುಕೊಂಡ ಕೂಲಿ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ ಎಂದು ಯಾಕೋಬನು ಬರೆದ 5ನೆಯ ಅಧ್ಯಾಯವನ್ನು ಸುಗ್ಗಿಯ ಕಾಲದಲ್ಲಿ ನಮ್ಮ ಎಷ್ಟು ಸಭೆಗಳಲ್ಲಿ ಓದುತ್ತಾರೆ? ಬಡವನ ತಪ್ಪಿಗೆ ಶಿಸ್ತುಕ್ರಮ, ಉಳ್ಳವನ ತಪ್ಪಿಗೆ ‘ತೀರ್ಪು ಮಾಡಬೇಡಿರಿ’ ಎಂಬ ಈ ಪದ್ಧತಿ ನನ್ನನ್ನು ಬಹಳ ನೋಯಿಸುತ್ತದೆ.

ಗುಟ್ಟಾಗಿ ಹೇಳುವುದೆಂದರೆ ಮುಚ್ಚಿಹಾಕುವುದು ಎಂದು ಯಾರೂ ತಿಳಿಯಬಾರದು. ಮಗುವಿಗೋ ಹೆಣ್ಣುಮಗಳಿಗೋ ಹಿಂಸೆಯಾಗುತ್ತಿದ್ದರೆ ಜಗಲಿಯ ಮಾತುಕತೆಗೆ ಕಾಯದೆ ಪೊಲೀಸರ ಬಳಿಗೇ ಹೋಗಬೇಕು. ನಿಮ್ಮ ವಿಷಯದಲ್ಲಿ ಆ ಹಿರಿಯರ ಮನೆಗೆ ಒಬ್ಬರೇ ಹೋಗಿ. ನೀವು ಕೇಳಿದ್ದು ನಿಜವೇ ಎಂಬ ಪ್ರಶ್ನೆಯಿಂದಲೇ ಆರಂಭಿಸಿ. ನಿಜವಾಗಿದ್ದು ಅವರು ಒಪ್ಪದಿದ್ದರೆ, ಮುಂದಿನ ಸಲ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿದ ಹೆಂಗಸರಲ್ಲಿ ಒಬ್ಬಿಬ್ಬರು, ಅವರಿಗೆ ಮನಸ್ಸಿದ್ದರೆ, ನಿಮ್ಮ ಜೊತೆಗಿರಲಿ. ಹಿರಿಯರು ಕ್ಷಮೆ ಕೇಳಿದರೆ ಸಂತೋಷ, ಆದರೆ ಕೂಲಿಯನ್ನು ರೂಪಾಯಿಯಲ್ಲೇ ಕೊಡಬೇಕು. ಕೊಟ್ಟ ದಿನ, ಮಹಿಳಾ ಕೂಟದಲ್ಲಿ ನೀವೇ ಎದ್ದು ನಿಂತು ‘ಆ ಬಾಕಿ ತೀರಿತು’ ಎಂದು ಹೇಳಿ, ಅವರ ಹೆಸರನ್ನು ಅಲ್ಲಿಯೇ ಉಳಿಸಿಕೊಡಿ.