ಓದುಗರ ಪ್ರಶ್ನೆ: ಮರುಭೂಮಿಯ ಜಾತ್ರೆಗೆ ಬುತ್ತಿ ಏನೇನು?

ಪ್ರಶ್ನೆ: ನಾನು ರಿಟೈರ್ ಆದ ಡ್ರಾಯಿಂಗ್ ಮೇಷ್ಟ್ರು, ವಯಸ್ಸು 62. ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಮುಂದಿನ ವರ್ಷ ನೆವಾಡಾದ ಮರುಭೂಮಿಯಲ್ಲಿ ನಡೆಯುವ ‘ಬರ್ನಿಂಗ್ ಮ್ಯಾನ್’ ಕಲಾ ಉತ್ಸವಕ್ಕೆ ಬಾ ಅಪ್ಪಾಜಿ ಅಂತ ಕರೆಯುತ್ತಿದ್ದಾನೆ. ಅಲ್ಲಿ ಹೋಟೆಲ್, ಅಂಗಡಿ ಇರಲ್ಲವಂತೆ, ದುಡ್ಡೂ ನಡೆಯಲ್ಲವಂತೆ. ಈ ವಯಸ್ಸಿನಲ್ಲಿ ಹೋಗಬಹುದಾ?
– ಒಬ್ಬ ಓದುಗರು, ಚಿತ್ರದುರ್ಗ

ಉತ್ತರ: ಹೋಗಿ ಬನ್ನಿ ಮೇಷ್ಟ್ರೇ. ಹಿಂದೆ ನಮ್ಮ ಹಿರಿಯರು ಗಾಡಿ ಕಟ್ಟಿಕೊಂಡು ನಾಯಕನಹಟ್ಟಿ ಜಾತ್ರೆಗೆ ಹೋಗುತ್ತಿದ್ದರಲ್ಲ, ರೊಟ್ಟಿ, ಚಟ್ನಿಪುಡಿ, ನೀರು, ಚಾಪೆ, ಎತ್ತಿನ ಮೇವು ಎಲ್ಲ ಹೇರಿಕೊಂಡು, ಹಾಗೆ ಹೋಗಬೇಕು ಅಷ್ಟೆ. ಅಲ್ಲಿ ಮಾರಾಟಕ್ಕೆ ಸಿಗುವುದು ಹೆಚ್ಚುಕಡಿಮೆ ಐಸ್ ಒಂದೇ.

1986ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಡಲ ದಂಡೆಯಲ್ಲಿ ಒಂದಿಷ್ಟು ಗೆಳೆಯರು ಮರದ ಮನುಷ್ಯನೊಬ್ಬನನ್ನು ಸುಟ್ಟಿದ್ದರಿಂದ ಇದು ಶುರುವಾಯಿತು. 1990ರಲ್ಲಿ ಬ್ಲ್ಯಾಕ್ ರಾಕ್ ಮರುಭೂಮಿಗೆ ಹೋಯಿತು. ಈಗ 70 ಸಾವಿರದಷ್ಟು ಜನ ಸೇರುತ್ತಾರೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮೊದಲ ಸೋಮವಾರದವರೆಗೆ ನಡೆಯುತ್ತದೆ. ಶನಿವಾರ ರಾತ್ರಿ ಆ ಮರದ ಮನುಷ್ಯನಿಗೆ ಬೆಂಕಿ. ನಮ್ಮ ಕಾಮದಹನ ಇದ್ದಂಗೆ, ಕಟ್ಟಿಗೆ ಕದಿಯೋ ಹುಡುಗರು ಮಾತ್ರ ಇಲ್ಲ.

ಮರುಭೂಮಿ ಅಂದ ತಕ್ಷಣ ಮರಳು ದಿಬ್ಬ ಅಂದ್ಕೋಬೇಡಿ. ಅದು ಬತ್ತಿಹೋದ ಭಾರಿ ಕೆರೆಯೊಂದರ ಅಂಗಳ, ಕಣ್ಣು ಹೋದಷ್ಟು ದೂರ ಚಪ್ಪಟೆ. ಹಿಟ್ಟಿನಂಥ ಬಿಳಿ ಧೂಳು. ಆ ಧೂಳಿನಲ್ಲಿ ಕ್ಷಾರ ಜಾಸ್ತಿ, ಬರಿಗಾಲಲ್ಲಿ ಓಡಾಡಿದರೆ ಹಿಮ್ಮಡಿ ಒಡೆದು ಉರಿಯುತ್ತದೆ. ಹಳಬರು ನೀರಿಗೆ ಸ್ವಲ್ಪ ವಿನೆಗರ್ ಬೆರೆಸಿ ಕಾಲು ಒರೆಸಿಕೊಳ್ಳುತ್ತಾರೆ. ಗಾಳಿ ಎದ್ದರೆ ಎದುರಿಗಿರೋರ ಮುಖ ಕಾಣಲ್ಲ, ಹಾಗಾಗಿ ಕಣ್ಣಿಗೆ ಗಾಗಲ್ಸ್, ಮೂಗಿಗೆ ಮಾಸ್ಕ್ ಬೇಕೇಬೇಕು. ಇನ್ನು ಮಳೆ ಬಂತೋ, ನಮ್ಮ ಎರೆಹೊಲದ ಕಥೆಯೇ: ಒಂದೊಂದು ಬೂಟಿಗೂ ಎರಡೆರಡು ಕೆಜಿ ಕೆಸರು. 2023ರಲ್ಲಿ ಹಾಗೇ ಆಗಿ ರಸ್ತೆ ಮುಚ್ಚಿ ಸಾವಿರಾರು ಜನ ಅಲ್ಲೇ ಸಿಕ್ಕಿಹಾಕಿಕೊಂಡರು. ಅದಕ್ಕೇ ವಾಪಸ್ ವಿಮಾನದ ಟಿಕೆಟ್‌ಗೆ ಮೂರ್ನಾಲ್ಕು ದಿನ ಬಿಟ್ಟುಕೊಳ್ಳಿ.

ನೀರು ತಲೆಗೆ ದಿನಕ್ಕೆ 6 ಲೀಟರ್ ಲೆಕ್ಕ ಹಿಡಿಯಿರಿ. ಇಬ್ಬರಿಗೆ ಎಂಟು ದಿನಕ್ಕೆ 20 ಲೀಟರಿನ ಕ್ಯಾನು ಐದು. ಮುಸುರೆ ನೀರನ್ನೂ ನೆಲಕ್ಕೆ ಚೆಲ್ಲುವಂತಿಲ್ಲ, ಹೊತ್ತು ತರಬೇಕು. ಕಸದ ಡಬ್ಬಿಯೂ ಇಲ್ಲ. ಮಧ್ಯಾಹ್ನ ನಮ್ಮ ಏಪ್ರಿಲ್ ಬಿಸಿಲು, ರಾತ್ರಿ ಮಾತ್ರ ಸ್ವೆಟರ್, ಮಂಕಿಕ್ಯಾಪ್ ಬೇಕಾಗುವಂಥ ಚಳಿ.

ಎಲ್ಲಕ್ಕಿಂತ ಮೊದಲು ವೀಸಾ ನೋಡಿಕೊಳ್ಳಿ. ಸಂದರ್ಶನಕ್ಕೆ ಚೆನ್ನೈಗೋ ಹೈದರಾಬಾದಿಗೋ ಹೋಗಬೇಕಾಗುತ್ತದೆ, ದಿನ ಸಿಗುವುದು ನಿಧಾನ, ಈಗಲೇ ಅರ್ಜಿ ಹಾಕಿ. ಉತ್ಸವದ ಟಿಕೆಟ್ 500 ಡಾಲರ್ ಮೇಲೆಯೇ ಇರುತ್ತದೆ, ಕಾರಿಗೆ ಬೇರೆ ಪಾಸು. ಕಾರು ಬೇಡ ಅಂದರೆ ರೀನೋ ಊರಿನಿಂದ, ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ಸವದ್ದೇ ಬಸ್ಸಿದೆ. ನಿಮ್ಮ ವಯಸ್ಸಿಗೆ ನಾನು ಬಸ್ಸೇ ಅನ್ನುತ್ತೇನೆ. ಮುಗಿದ ಮೇಲೆ ಸಾಲುಗಟ್ಟಿದ ಕಾರುಗಳು ಆ ಮಣ್ಣಿನ ಅಂಗಳ ದಾಟಿ ಟಾರು ರಸ್ತೆ ಹತ್ತುವುದಕ್ಕೇ ಎಷ್ಟೋ ಗಂಟೆ ಹಿಡಿಯುತ್ತದೆ. ಬಿಪಿ, ಶುಗರ್ ಇದ್ದರೆ ಡಾಕ್ಟರನ್ನು ಕೇಳಿ, ಮಾತ್ರೆ ಡಬಲ್ ಒಯ್ಯಿರಿ.

ಇನ್ನೊಂದು ಮಾತು, ಮಗ ಹೇಳಿರಲಿಕ್ಕಿಲ್ಲ: ಮೈಮೇಲೆ ಬಟ್ಟೆಯಿಲ್ಲದೆ ಓಡಾಡೋರೂ ಅಲ್ಲಿ ಸಿಗುತ್ತಾರೆ. ಗಾಬರಿ ಆಗಬೇಡಿ, ಕೇಳದೆ ಫೋಟೋ ತೆಗೀಬೇಡಿ.

ದುಡ್ಡು ನಡೆಯಲ್ಲ ಅನ್ನುವುದು ನಿಜ. ಹಾಗಂತ ವಸ್ತುವಿಗೆ ವಸ್ತು ಅಂತ ವ್ಯಾಪಾರವೂ ಅಲ್ಲ, ಸುಮ್ನೆ ಕೊಡೋದು. ಏನು ಕೊಡಲಿ ಅಂತ ನೀವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಒಂದು ಸ್ಕೆಚ್ ಪುಸ್ತಕ, ನಾಲ್ಕು 4ಬಿ ಪೆನ್ಸಿಲ್ ಒಯ್ದು ನೆರಳಲ್ಲಿ ಕೂತು ಬಂದವರ ಮುಖ ಬರೆದು ಕೊಡಿ. ಮೆಂಡರ್ ಮಾತ್ರ ಡಬ್ಬಿ ಇರೋದೇ ಒಯ್ಯಿರಿ, ಪೆನ್ಸಿಲ್ ಸಿಪ್ಪೆ ನೆಲಕ್ಕೆ ಬಿದ್ದರೆ ಬಗ್ಗಿ ಆರಿಸಬೇಕಾದವರು ನೀವೇ.