ಸಿ ಭಾಷೆ ಸರಿಯಾಗಿ ಬರದವರು ಸೆಕ್ಯುರಿಟಿ ಹಾರ್ಡನಿಂಗ್ (ಕಂಪ್ಯೂಟರಿನ ಸುರಕ್ಷತೆ ಬಿಗಿ ಮಾಡುವ) ಪ್ರಾಜೆಕ್ಟಿಗೆ ಬರೀ ಡಾಕ್ಯುಮೆಂಟೇಶನ್ ಬರೆದರೆ ಅದಕ್ಕೆ ಬೆಲೆ ಇದೆಯಾ?

ನಿಮ್ಮ ಈ ಪ್ರಶ್ನೆಯಲ್ಲಿ 'ಬರೀ' ಅನ್ನೋ ಪದ ನೋಡಿದ ಕೂಡಲೇ ಉತ್ತರ ಬರೆಯಲು ಕೂತೆ. ನಾನೂ ಹಾಗೇ ಅಂದುಕೊಂಡಿದ್ದೆ.

ಆಗ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ರೂಮು ಮಾಡಿಕೊಂಡು ಸಣ್ಣ ಆಫೀಸುಗಳ ಸರ್ವರ್ ನೋಡಿಕೊಳ್ಳುತ್ತಿದ್ದೆ. ಲಿನಕ್ಸ್ ಸರ್ವರ್ ಬಿಗಿ ಮಾಡುವ ಒಂದು ಓಪನ್ ಸೋರ್ಸ್ ಪ್ರಾಜೆಕ್ಟಿಗೆ ಪುಲ್ ರಿಕ್ವೆಸ್ಟ್, ಅಂದರೆ ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನೋ ಕೋರಿಕೆ, ಕಳಿಸಿದೆ. ಇದ್ದದ್ದು ಒಂದೇ ಸಾಲು: ಐಪಿ ಫಾರ್ವರ್ಡ್ ಸೆಟ್ಟಿಂಗನ್ನು 0 ಮಾಡುವುದು. ರೂಟರ್ ಅಲ್ಲದ ಮಷೀನು ಪ್ಯಾಕೆಟ್ಟುಗಳನ್ನು ಈ ಕಡೆಯಿಂದ ಆ ಕಡೆ ಯಾಕೆ ದಾಟಿಸಬೇಕು? ವಿವರಣೆ ಬರೆಯುವ ಜಾಗದಲ್ಲಿ 'ಸುರಕ್ಷತೆಗಾಗಿ' ಅಂತ ಹಾಕಿದೆ, ಅಷ್ಟೇ. ಮರ್ಜ್ ಆಯಿತು, ಅಂದರೆ ಅವರು ಸೇರಿಸಿಕೊಂಡರು.

ತಪ್ಪು ಎಲ್ಲಾಯಿತು ಅಂತ ಪೂರ್ತಿ ಹೇಳುತ್ತೇನೆ. ನಾನು ಟೆಸ್ಟ್ ಮಾಡಿದ್ದೆ. ಸೆಟ್ಟಿಂಗ್ ಹಾಕಿ, ಲ್ಯಾಪ್‌ಟಾಪ್ ರೀಬೂಟ್ ಮಾಡಿ, ಡಾಕರ್ ಕಂಟೇನರ್‌ಗಳು (ಡಾಕರ್ ಅನ್ನೋ ಸಾಫ್ಟ್‌ವೇರ್ ಒಂದೊಂದು ಪ್ರೋಗ್ರಾಮನ್ನು ಬೇರೆ ಬೇರೆ ಇಟ್ಟು ಓಡಿಸುವ ಡಬ್ಬಿಗಳು) ಓಡುತ್ತಿವೆಯಾ ನೋಡಿದೆ. ಓಡುತ್ತಿದ್ದವು. ಆದರೆ ಬೂಟ್ ಆಗುವಾಗ ಸಿಸ್‌ಕಂಟ್ರೋಲ್ ಸೆಟ್ಟಿಂಗುಗಳು (ಐಪಿ ಫಾರ್ವರ್ಡ್‌ನಂಥ ಲಿನಕ್ಸ್ ಕರ್ನಲ್ ಸೆಟ್ಟಿಂಗುಗಳು) ಮೊದಲು ಕೂರುತ್ತವೆ, ಡಾಕರ್ ಆಮೇಲೆ ಏಳುತ್ತದೆ. ಎದ್ದ ಕೂಡಲೇ ಅದೇ ಐಪಿ ಫಾರ್ವರ್ಡನ್ನು ಮತ್ತೆ 1 ಮಾಡುತ್ತದೆ. ಅಂದರೆ ನಾನು ಟೆಸ್ಟ್ ಮಾಡುವ ಹೊತ್ತಿಗೆ ನನ್ನ ಸಾಲು ಜಾರಿಯಲ್ಲೇ ಇರಲಿಲ್ಲ! ಈಗಾಗಲೇ ಓಡುತ್ತಿರುವ ಸರ್ವರ್ ಮೇಲೆ ಹಾಕಿದರೆ ಕತೆ ಬೇರೆ. ಡಾಕರ್ ಎದ್ದು ಎಷ್ಟೋ ದಿನ ಆಗಿರುತ್ತದೆ, ಸೆಟ್ಟಿಂಗ್ 0 ಆದ ಕ್ಷಣವೇ ಕಂಟೇನರ್‌ಗಳಿಗೂ ಹೊರಜಗತ್ತಿಗೂ ಸಂಪರ್ಕ ಕಡಿದುಹೋಗುತ್ತದೆ.

ನಾನು ಅದನ್ನು ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಸರ್ವರ್ ಮೇಲೆ ಹಾಕಿದೆ, ಶನಿವಾರ ಸಂಜೆ, ರೂಮಿನಲ್ಲಿ ಕೂತು. ನಾನು ದೂರದಿಂದ ಒಳಗೆ ಹೋಗುವ ದಾರಿಯಾದ ಅಲ್ಲಿನ ವಿಪಿಎನ್ನೂ ಒಂದು ಕಂಟೇನರ್‌ನಲ್ಲೇ ಇತ್ತು. ನನ್ನ ಟರ್ಮಿನಲ್ ಹಾಗೇ ನಿಂತುಬಿಟ್ಟಿತು. ಐದು ನಿಮಿಷಕ್ಕೆ ಮಾಲೀಕರ ಫೋನು: "ಸರ, ಆರ್ಡರ್ ಒಂದೂ ಬರವಲ್ದು. ನಾಳೆ ಮುಂಜಾನೆ ಎರಡು ಲಗ್ನಪತ್ರಿಕಾ ಕೊಡೋದೈತಿ." ಅಣ್ಣಿಗೇರಿ ದಾಟುವ ಬಸ್ಸಿನಲ್ಲಿ ನಿಂತುಕೊಂಡೇ ಹೋದೆ. ಅಲ್ಲಿ ಕೀಬೋರ್ಡ್ ಮುಂದೆ ಕೂತು 0 ಇದ್ದದ್ದನ್ನು 1 ಮಾಡಿದೆ. ಅರ್ಧ ನಿಮಿಷದ ಕೆಲಸ. ಅವರು ಬೈಯಲಿಲ್ಲ, ಚಹಾ ತರಿಸಿದರು. ಅದು ಇನ್ನೂ ಜಾಸ್ತಿ ನೋವಾಯಿತು.

ಅಷ್ಟರಲ್ಲಿ ಪ್ರಾಜೆಕ್ಟಿನಲ್ಲೂ ಇನ್ನಿಬ್ಬರು ಇದೇ ದೂರು ಬರೆದಿದ್ದರು. ನನ್ನ ಸಾಲನ್ನು ವಾಪಸ್ ತೆಗೆದರು. ಆಮೇಲೆ ನಾನು ಕಳಿಸಿದ್ದು ನಾಲ್ಕು ವಾಕ್ಯ: ಈ ಸೆಟ್ಟಿಂಗ್ ಏನು, ಯಾಕೆ ಬೇಕು, ಏನು ಮುರಿಯುತ್ತದೆ, ವಾಪಸ್ ಹೇಗೆ. ಅವು ಇವತ್ತಿಗೂ ಅಲ್ಲೇ ಇವೆ. ಆ ವಾಕ್ಯಗಳು ಮೊದಲೇ ಇದ್ದಿದ್ದರೆ ನಾನು ಆ ಬಸ್ಸು ಹತ್ತುತ್ತಿರಲಿಲ್ಲ.

ಅದಕ್ಕೇ ಹೇಳುವುದು, ಹಾರ್ಡನಿಂಗ್‌ನಲ್ಲಿ ಕೋಡ್ ಬೇರೆ, ಡಾಕ್ಯುಮೆಂಟೇಶನ್ ಬೇರೆ ಅನ್ನೋ ನಿಮ್ಮ ಲೆಕ್ಕವೇ ಸರಿಯಿಲ್ಲ. ಹಾರ್ಡನಿಂಗ್ ನಿಯಮಗಳನ್ನು ಕೂಡಿಸಿಡುವ ಕಂಪ್ಲಯನ್ಸ್ ಆ್ಯಸ್ ಕೋಡ್ ಅನ್ನೋ ಓಪನ್ ಸೋರ್ಸ್ ಪ್ರಾಜೆಕ್ಟ್ ತೆರೆದು ನೋಡಿ. ಒಂದೊಂದು ನಿಯಮದ ಯಾಮಲ್ ಫೈಲಿನಲ್ಲೂ (ಓದಲು ಸುಲಭವಾದ ಟೆಕ್ಸ್ಟ್ ಫೈಲು) ವಿವರಣೆ, ಕಾರಣ, ತೀವ್ರತೆ ಬರೆಯಲೇಬೇಕು. ಐಪಿ ಫಾರ್ವರ್ಡ್ ನಿಯಮದಲ್ಲಿ ಕಂಟೇನರ್‌ಗಳ ಬಗ್ಗೆ ಎಚ್ಚರಿಕೆಯೂ ಇದೆ. ನಾನದನ್ನು ಓದಿರಲಿಲ್ಲ.

ಸಿ ಬಗ್ಗೆ ಚಿಂತೆ ಬಿಡಿ. ಮಷೀನಿನ ಸುರಕ್ಷತೆ ಪರೀಕ್ಷಿಸಿ ಸಲಹೆ ಕೊಡುವ ಲೈನಿಸ್ ಅನ್ನೋ ಟೂಲ್ 2007ರಿಂದ ಇದೆ, ಪೂರ್ತಿ ಶೆಲ್ ಸ್ಕ್ರಿಪ್ಟು. ಮನೆಯಲ್ಲಿರುವ ಹಳೇ ಲ್ಯಾಪ್‌ಟಾಪ್ ಮೇಲೆ ಓಡಿಸಿ. ಅದು ಕೊಡುವ ಸಲಹೆಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ. ಮಷೀನು ಓಡುತ್ತಿರುವಾಗಲೇ ಹಾಕಿ, ರೀಬೂಟ್ ಮಾಡಿಯೂ ನೋಡಿ. ಏನು ಕೆಟ್ಟಿತು ಅಂತ ಬರೆದಿಟ್ಟುಕೊಳ್ಳಿ. ಮೊದಲು ಕಳಿಸಬೇಕಾದದ್ದು ಅದನ್ನೇ.